ಸಂಬಳ ಕೊಟ್ಟ ಮೇಲೆ ಲೆಕ್ಕ ಚುಕ್ತಾನಾ?

ಗಾರ್ಮೆಂಟ್‌ನಲ್ಲಿ ಕೆಲಸ ಬಿಡುವವರ ಕೈಯಲ್ಲಿ ಕೊನೆಗೊಂದು ವೋಚರ್‌ಗೆ ಸಹಿ ಹಾಕಿಸಿಕೊಳ್ಳುವುದುಂಟು. ‘ನನಗೆ ಬರಬೇಕಾದ ಬಾಕಿಯೆಲ್ಲ ಸಂದಿದೆ’ ಅಂತ ಅದರಲ್ಲಿರುತ್ತದೆ. ಆ ಮಾತು ನಿಜವೇ? ಒಪ್ಪಿದ ಕೂಲಿ ಕೊಟ್ಟಲ್ಲಿಗೆ ಧಣಿಗೂ ದುಡಿದವರಿಗೂ ನಡುವಿನ ಲೆಕ್ಕ ಮುಗಿಯಿತೇ? ಅದರಾಚೆಗೆ ಸರ್ಕಾರ ಉಳ್ಳವರಿಂದ ತೆರಿಗೆ ಎತ್ತಿ ಗೃಹಲಕ್ಷ್ಮಿ, ಫ್ರೀ ಬಸ್ಸು ಅಂತ ಹಂಚುವುದು ನ್ಯಾಯವೇ? ಹೊಲಿಗೆ ಘಟಕ ನಡೆಸುವವರೊಬ್ಬರು ಮತ್ತು ಗಾರ್ಮೆಂಟ್ ಟೈಲರ್ ಒಬ್ಬರ ಮಗಳು ಇಲ್ಲಿ ಎದುರುಬದುರಾಗಿದ್ದಾರೆ.

ಪರ: ಚುಕ್ತಾ ಆಗುವುದೇ ಬಿಡುಗಡೆ

ನಮ್ಮ ತಾತ ಜೀತಕ್ಕಿದ್ದವರು. ಸಾಲ ಎತ್ತಿದ್ದು ಅವರಪ್ಪ, ತೀರಿಸಲು ಹೋದದ್ದು ತಾತ. ವರ್ಷಕ್ಕೊಂದು ಕಂಬಳಿ, ಒಂದು ಜೊತೆ ಮೆಟ್ಟು, ಎರಡು ಹೊತ್ತು ಮುದ್ದೆ. ಪ್ರತಿ ಯುಗಾದಿಗೂ ಧಣಿ ಲೆಕ್ಕದ ಪುಸ್ತಕ ಬಿಚ್ಚುತ್ತಿದ್ದರಂತೆ, ಪ್ರತಿ ಯುಗಾದಿಗೂ ಅಸಲು ಹಾಗೇ ಇರುತ್ತಿತ್ತಂತೆ. ಮಗಳ ಮದುವೆಗೆ ಕೊಟ್ಟ ಎರಡು ಪಲ್ಲ ರಾಗಿ, ಜ್ವರ ಬಂದು ಮಲಗಿದ ಹದಿನೈದು ದಿನ, ಸತ್ತ ಎತ್ತು, ಎಲ್ಲವೂ ಆ ಪುಸ್ತಕಕ್ಕೆ ಏರುತ್ತಿದ್ದವು. 1976ರ ಜೀತ ನಿಷೇಧ ಕಾಯ್ದೆ ಬಂದಾಗ ತಾತ ಬಿಡುಗಡೆಯಾದರು ಅನ್ನುತ್ತಾರೆ. ನಿಜವಾಗಿ ಬಿಡುಗಡೆಯಾಗಿದ್ದು ನಮ್ಮಪ್ಪ ಬೆಂಗಳೂರಿಗೆ ಬಂದು ಒಂದು ಮಿಲ್ಲಿನಲ್ಲಿ ತಿಂಗಳ ಸಂಬಳ ಎಣಿಸಿಕೊಂಡ ದಿನ. ಸಂಬಳದ ದೊಡ್ಡ ಗುಣ ಅದರ ಮೊತ್ತದಲ್ಲಿಲ್ಲ, ಅದು ಮುಗಿಯುತ್ತದೆ ಅನ್ನುವುದರಲ್ಲಿದೆ. ಇಷ್ಟು ದುಡಿದೆ, ಇಷ್ಟು ಕೊಟ್ಟೆ, ಇನ್ನು ನೀನ್ಯಾರೋ ನಾನ್ಯಾರೋ. ತಾತನಿಗೆ ಸಿಗದೆ ಹೋದದ್ದು ಆ ‘ನೀನ್ಯಾರೋ’.

ಆದ್ದರಿಂದ ಕೂಲಿಯೆಂದರೆ ಶೋಷಣೆಯ ಇನ್ನೊಂದು ಹೆಸರು ಅಂತ ಭಾಷಣ ಕೇಳಿದಾಗ ನನಗೆ ರೇಗುತ್ತದೆ. ಹಾಗೆ ಹೇಳುವವರು ಜೀತವನ್ನೂ ಕಂಡಿಲ್ಲ, ನಾಟಿ ಕಾಲದಲ್ಲಿ ಇಡೀ ದಿನ ಬಗ್ಗಿ ಸಂಜೆ ಅಳತೆಯ ಕಾಳು ತರುವ ಹೆಂಗಸನ್ನೂ ಕಂಡಿಲ್ಲ. ಅವಳ ಮಗಳು ಇವತ್ತು ಪೀಣ್ಯದಲ್ಲಿ ಮೆಷಿನ್ ಮುಂದೆ ಕೂತು ಬ್ಯಾಂಕ್ ಖಾತೆಗೆ ಸಂಬಳ ಹಾಕಿಸಿಕೊಳ್ಳುತ್ತಿದ್ದಾಳೆ. ಪಕ್ಕದ ಫ್ಯಾಕ್ಟರಿ ನೂರು ರೂಪಾಯಿ ಜಾಸ್ತಿ ಕೊಟ್ಟರೆ ಸೋಮವಾರ ಅಲ್ಲಿರುತ್ತಾಳೆ. ನನ್ನಲ್ಲೇ ಹೀಗೆ ಹೋದವರು ಎಷ್ಟು ಜನ!

ನನ್ನದು ನಲವತ್ತು ಮೆಷಿನ್‌ಗಳ ಜಾಬ್‌ವರ್ಕ್ ಘಟಕ. ದೊಡ್ಡ ಕಂಪನಿ ಕತ್ತರಿಸಿ ಕೊಟ್ಟ ಬಟ್ಟೆಯನ್ನು ಹೊಲಿದು ಕೊಡುತ್ತೇವೆ. ಮೂರು ವರ್ಷದ ಹಿಂದೆ ಒಂದು ಲಾಟ್ ಪೂರ್ತಿ ರಿಜೆಕ್ಟ್ ಆಯಿತು. ತೋಳಿಗೂ ಎದೆಗೂ ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ. ತಪ್ಪು ಬಣ್ಣ ಹಾಕಿದವನದೋ ಕಟಿಂಗ್‌ನವನದೋ, ದಂಡ ಬಿದ್ದದ್ದು ನನಗೆ. ಆ ತಿಂಗಳು ನನ್ನ ಕೈಗೆ ಬಂದದ್ದು ಸೊನ್ನೆಗಿಂತ ಕಡಿಮೆ, ಹೆಂಡತಿಯ ಬಳೆ ಬ್ಯಾಂಕಿಗೆ ಹೋದವು. ಆದರೆ ಏಳನೇ ತಾರೀಕು ಟೈಲರ್‌ಗಳ ಸಂಬಳ ಆಗಿತ್ತು. ಆಗಲೇಬೇಕು, ಕಾನೂನೇ ಹಾಗಿದೆ. ಕೂಲಿ ಎಂದೂ ಮೈನಸ್‌ಗೆ ಇಳಿಯುವುದಿಲ್ಲ, ಲಾಭ ಇಳಿಯುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ ಶೇ 50 ಸುಂಕ ಹೇರಿದಾಗ ಆರ್ಡರ್ ಹಿಡಿದುಕೊಂಡು ನಿದ್ದೆಗೆಟ್ಟವರು ಯಾರು? ಮಾಲೀಕನ ಲಾಭವೆಲ್ಲ ಕಾರ್ಮಿಕರ ಬೆವರಿನಿಂದ ಕದ್ದದ್ದು ಅನ್ನುವ ಮಾರ್ಕ್ಸ್‌ವಾದಿಗಳ ಲೆಕ್ಕದಲ್ಲಿ ಈ ನಿದ್ದೆಗೆಟ್ಟ ರಾತ್ರಿಗಳಿಗೆ ಕಾಲಮ್ಮೇ ಇಲ್ಲ. ಸಂಬಳದ ಮೇಲೆ ಪಿಎಫ್ ಪಾಲು ಶೇ 12, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ 3.25, ಬೋನಸ್ ಕನಿಷ್ಠ ಶೇ 8.33, ಐದು ವರ್ಷ ತುಂಬಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಅನ್ನುವ ಇಡಿಗಂಟು. ಇವನ್ನೆಲ್ಲ ಕೊಟ್ಟೂ ನಾನು ಕಳ್ಳ!

ಇನ್ನು ಹಂಚಿಕೆ. ಇಂದಿರಾ ಗಾಂಧಿ ಕಾಲದಲ್ಲಿ, 1973–74ರಲ್ಲಿ, ಆದಾಯ ತೆರಿಗೆಯ ಮೇಲಿನ ಹಂತದ ದರ ಸರ್ಚಾರ್ಜ್ ಸೇರಿ ಶೇ 97.75 ಇತ್ತು. ಆ ಹಂತ ದಾಟಿದ ಮೇಲೆ ನೂರು ರೂಪಾಯಿ ದುಡಿದರೆ ಎರಡೂಕಾಲು ರೂಪಾಯಿ ನಿನಗೆ. ಬಡತನ ಹೋಯಿತೇ? ಹೋದದ್ದು ಬಿಳಿ ಹಣ. ಎರಡನೇ ಪುಸ್ತಕ ಇಡುವ ವಿದ್ಯೆಯನ್ನು ಈ ದೇಶದ ವ್ಯಾಪಾರಿಗೆ ಕಲಿಸಿಕೊಟ್ಟದ್ದೇ ಆ ದರ. ಈಗ ರಾಜ್ಯದ ಐದು ಗ್ಯಾರಂಟಿಗಳನ್ನು ನೋಡಿ. 2024–25ರ ಬಜೆಟ್ 3.71 ಲಕ್ಷ ಕೋಟಿ, ಅದರಲ್ಲಿ ಗ್ಯಾರಂಟಿಗಳಿಗೆ ಸುಮಾರು 52 ಸಾವಿರ ಕೋಟಿ. ಏಳು ರೂಪಾಯಿಗೆ ಒಂದು. ಹಸಿದವರಿಗೆ ಅಕ್ಕಿ ಕೊಡಬೇಡಿ ಅನ್ನುವಷ್ಟು ಕಲ್ಲೆದೆ ನನಗಿಲ್ಲ. ಶಾಲೆ, ಆಸ್ಪತ್ರೆಗೆ ತೆರಿಗೆ ಕಟ್ಟುವುದಕ್ಕೂ ತಕರಾರಿಲ್ಲ. ತಕರಾರಿರುವುದು ‘ನಮ್ಮ ಹಕ್ಕು’ ಅನ್ನುವ ಮಾತಿಗೆ. ಅದರ ಅರ್ಥ ನಾನು ಸಂಬಳ ಕೊಟ್ಟ ಮೇಲೂ ಬಾಕಿದಾರ ಅಂತ. ಎಷ್ಟು ಬಾಕಿ? ಯಾವತ್ತಿಗೆ ತೀರುತ್ತದೆ? ಯಾರೂ ಹೇಳುವುದಿಲ್ಲ. ತಾತನ ಧಣಿಯ ಪುಸ್ತಕವೇ ಇದು, ಈ ಸಲ ತಿರುಗಿಸಿ ಹಿಡಿದಿದ್ದಾರೆ ಅಷ್ಟೆ.

ದೇವರಾಜ ಅರಸರ 1974ರ ಭೂಸುಧಾರಣೆಯನ್ನು ನಾನು ಒಪ್ಪುತ್ತೇನೆ. ಉಳುವವನಿಗೆ ನೆಲ ಕೊಟ್ಟು ಅವರು ಕೈ ತೊಳೆದುಕೊಂಡರು, ಅಲ್ಲಿಗೆ ಅದೂ ಚುಕ್ತಾ. ಇವತ್ತಿನದು ಪ್ರತಿ ತಿಂಗಳೂ ಕೈಚಾಚಿಸುವ ಹಂಚಿಕೆ. ಕೂಲಿ ಸಾಲದು ಅಂತಿದ್ದರೆ ಕನಿಷ್ಠ ಕೂಲಿ ಏರಿಸಿ, ಎಲ್ಲ ಘಟಕಗಳಿಗೂ ಒಂದೇ ದಿನ ಏರಿಸಿ, ನಾನು ನನ್ನ ರೇಟು ಏರಿಸಿಕೊಳ್ಳುತ್ತೇನೆ. ಫ್ಯಾಕ್ಟರಿ ಗೇಟಿನಲ್ಲಿ ಕೊಡಬೇಕಾದ್ದನ್ನು ಗೇಟಿನಲ್ಲೇ ಕೊಡಿಸಿ. ವಿಧಾನಸೌಧ ಸುತ್ತಿಸಿಕೊಂಡು ಬರುವುದೇಕೆ?

ವಿರೋಧ: 417 ರೂಪಾಯಿ 60 ಪೈಸೆ

ಅಮ್ಮ ಬೊಮ್ಮನಹಳ್ಳಿ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಕಾಲರ್ ಕೂರಿಸುತ್ತಿದ್ದಳು. ಗಂಟೆಗೆ ಅರವತ್ತು, ನಿಮಿಷಕ್ಕೊಂದು. ಲೈನಿನ ತುದಿಯಲ್ಲಿ ಬೋರ್ಡು, ಗಂಟೆಗೊಮ್ಮೆ ಸೂಪರ್‌ವೈಸರ್ ಬಂದು ಟಾರ್ಗೆಟ್ ಎಷ್ಟು, ಆಗಿದ್ದೆಷ್ಟು ಅಂತ ಬರೆಯುತ್ತಿದ್ದ. ಐವತ್ತೆರಡು ಅಂತಿದ್ದರೆ ಇಡೀ ಲೈನಿಗೆ ಕೇಳುವಂತೆ ಬೈಗುಳ. ಟಾಯ್ಲೆಟ್‌ಗೆ ಎದ್ದು ಹೋದರೆ ನಾಲ್ಕೈದು ಕಾಲರ್ ಹೋದವು ಅಂತ ಅಮ್ಮ ಬೆಳಗ್ಗೆಯಿಂದಲೇ ನೀರು ಕುಡಿಯುತ್ತಿರಲಿಲ್ಲ. ಭಾನುವಾರ ಮಾತ್ರ ಮಧ್ಯಾಹ್ನ ಚೊಂಬುಗಟ್ಟಲೆ ಕುಡಿಯುತ್ತಿದ್ದಳು. ನಾನು ಈಗ ಆಡಿಟರ್ ಆಫೀಸೊಂದರಲ್ಲಿ ಬೇರೆಯವರ ಸಂಬಳದ ಪಟ್ಟಿ ತಯಾರಿಸುತ್ತೇನೆ. ಯಾವ ಪಟ್ಟಿಯಲ್ಲೂ ನೀರಿಗೆ ಕಾಲಮ್ ನೋಡಿಲ್ಲ.

‘ಒಪ್ಪಿದ ಕೂಲಿ’ ಅನ್ನುತ್ತಾರಲ್ಲ, ಆ ಒಪ್ಪಿಗೆಯ ಕಥೆಯೊಂದನ್ನು ಹೇಳುತ್ತೇನೆ. ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ ಕನಿಷ್ಠ ಕೂಲಿಯದೇ ಭಾಗ. 2020ರ ಏಪ್ರಿಲ್‌ನಿಂದ ಅದು ತಿಂಗಳಿಗೆ 417 ರೂಪಾಯಿ 60 ಪೈಸೆ ಏರಬೇಕಿತ್ತು. ಕೊರೊನಾ ಅಂತ ಹೇಳಿ ರಾಜ್ಯ ಸರ್ಕಾರ ಒಂದು ವರ್ಷ ಮುಂದಕ್ಕೆ ಹಾಕಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆಮೇಲೂ ಲಕ್ಷಾಂತರ ಗಾರ್ಮೆಂಟ್ ಕಾರ್ಮಿಕರಿಗೆ ದುಡ್ಡು ಬರಲಿಲ್ಲ. ಹಲವರ ಕೈಗೆ ಬಾಕಿ ಸೇರುವಷ್ಟರಲ್ಲಿ 2022 ಬಂದಿತ್ತು, ಅದೂ ವಿದೇಶಿ ಬ್ರಾಂಡ್‌ಗಳ ಮೇಲೆ ಹೊರಗಿನಿಂದ ಒತ್ತಡ ಬಿದ್ದ ಮೇಲೆ. ಇದು ಯಾರೂ ಕೇಳಿಕೊಂಡ ಹೆಚ್ಚಳವಲ್ಲ. ಕಾಯ್ದೆ ಪ್ರಕಾರ ಆಗಲೇ ಅವರದಾಗಿದ್ದ ದುಡ್ಡು. ಕೋರ್ಟು ತಡೆ ಕೊಟ್ಟರೂ ಎರಡು ವರ್ಷ ಹಿಡಿಯುತ್ತದೆ ಅಂದಾದರೆ, ಏಳನೇ ತಾರೀಕಿನ ಚುಕ್ತಾ ಮಾತನ್ನು ನಾನು ನಂಬಬೇಕೇ?

ಗ್ರಾಚ್ಯುಟಿಯದೂ ಇದೇ ಪಾಡು. 1972ರ ಕಾಯ್ದೆಯಲ್ಲಿ ಐದು ವರ್ಷ ಸೇವೆಗೆ ಅದು ಹಕ್ಕಾಗಿತ್ತು. ಅಮ್ಮ ಆ ಫ್ಯಾಕ್ಟರಿಯಲ್ಲಿ ಹದಿನಾಲ್ಕು ವರ್ಷ ಇದ್ದಳು, ಕಾಗದದಲ್ಲಿ ಒಮ್ಮೆಯೂ ಐದು ತುಂಬಲಿಲ್ಲ. ನಾಲ್ಕು ದಾಟುವಾಗ ರಾಜೀನಾಮೆ, ವೋಚರ್, ಸಹಿ, ಎರಡು ವಾರ ಮನೆ, ಮತ್ತೆ ಹೊಸ ಟೋಕನ್ ನಂಬರ್. ‘ಬಾಕಿಯೆಲ್ಲ ಸಂದಿದೆ’ ಅಂತ ಮೂರು ಸಲ ಬರೆದುಕೊಟ್ಟಿದ್ದಾಳೆ ನಮ್ಮಮ್ಮ.

ಅವಳ ಕೈಯಲ್ಲಿ ಬಂಡವಾಳ ಅಂತ ಇದ್ದದ್ದು ಪಿಎಫ್ ಒಂದೇ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ, ಮಾಲೀಕರ ಪಾಲನ್ನು 58 ವರ್ಷದ ತನಕ ತೆಗೆಯುವ ಹಾಗಿಲ್ಲ ಅಂದಿತು. ಏಪ್ರಿಲ್ 18ರಂದು ಹೊಸೂರು ರಸ್ತೆಗೆ ಸಾವಿರಾರು ಹೆಂಗಸರು ಇಳಿದರು. ಮುಂದೆ ನಿಂತ ನಾಯಕರಿರಲಿಲ್ಲ. ಲಾಠಿ ಬಿತ್ತು, ಅಶ್ರುವಾಯು ಹಾರಿತು, ಮರುದಿನ ಬಸ್ಸುಗಳೂ ಸುಟ್ಟವು (ಅದನ್ನು ನಾನು ಸಮರ್ಥಿಸುವುದಿಲ್ಲ), ಸಂಜೆಗೆ ಆದೇಶ ವಾಪಸ್ಸಾಯಿತು. ಗಲಾಟೆ ಸಂಬಳ ಏರಿಸಿ ಅಂತ ಆಗಿರಲಿಲ್ಲ. 58ರ ತನಕ ಯಾವ ಫ್ಯಾಕ್ಟರಿ ನಮ್ಮನ್ನು ಇಟ್ಟುಕೊಳ್ಳುತ್ತದೆ ಅನ್ನುವುದಷ್ಟೇ ಅವರ ಪ್ರಶ್ನೆ. ನಲವತ್ತಕ್ಕೆ ಭುಜ ಹೋಗಿರುತ್ತದೆ, ಕಣ್ಣು ಮಂಜಾಗಿರುತ್ತದೆ. ಮುಗಿದ ಮೇಲೆ ‘ನೀನ್ಯಾರೋ ನಾನ್ಯಾರೋ’ ಅನ್ನುವುದು ಮಾಲೀಕರಿಗೆ ಸುಲಭ. ಭುಜವನ್ನು ಮನೆಗೆ ತಂದುಕೊಂಡದ್ದು ಅಮ್ಮ.

ರಿಜೆಕ್ಟ್ ಆದ ಲಾಟಿನ ನೋವು ಸುಳ್ಳು ಅನ್ನುವುದಿಲ್ಲ. ನಲವತ್ತು ಮೆಷಿನ್ನಿನವರು ಬ್ರಾಂಡಿಗೂ ಟೈಲರಿಗೂ ನಡುವೆ ಸಿಕ್ಕಿ ನಲುಗುವವರೇ. ಆದರೆ ಅವರ ದಂಡ ಯಾರು ಹಾಕಿದ್ದು? ಅಮ್ಮನಂತೂ ಅಲ್ಲ. ಅವರೂ ಒಪ್ಪಿದ ರೇಟಿಗೇ ಹೊಲಿದದ್ದಲ್ಲವೇ? ಮೇಲಿನವರು ತಮಗೆ ಮಾಡಿದ್ದನ್ನು ಅನ್ಯಾಯ ಅನ್ನುತ್ತಾರೆ, ತಮ್ಮ ಕೆಳಗಿನದನ್ನು ಒಪ್ಪಂದ ಅನ್ನುತ್ತಾರೆ. ಆರ್ಡರ್ ನಿಂತಾಗ ನಿದ್ದೆಗೆಟ್ಟವರು ಮಾಲೀಕರು, ಹೌದು. ಆದರೆ ಮೊದಲು ಮನೆಗೆ ಹೋಗುವುದು ಟೈಲರ್, ಅವಳಿಗೆ ಒತ್ತೆ ಇಡಲು ಬಳೆಯೂ ಇರುವುದಿಲ್ಲ.

ನ್ಯಾಯವಾದ ಕೂಲಿ ಎಷ್ಟು ಅನ್ನುವುದು ಅಷ್ಟೇನೂ ಗುಟ್ಟಲ್ಲ. 1957ರಲ್ಲೇ ಭಾರತೀಯ ಕಾರ್ಮಿಕ ಸಮ್ಮೇಳನ ಲೆಕ್ಕ ಹಾಕಿಟ್ಟಿದೆ: ಒಬ್ಬರ ದುಡಿಮೆಗೆ ಮೂರು ಪಾಲಿನ ಸಂಸಾರ (ಪಾಲೆಂದರೆ ದೊಡ್ಡವರೊಬ್ಬರ ಖರ್ಚು), ಪಾಲಿಗೆ 2,700 ಕ್ಯಾಲರಿ ಊಟ, ಇಡೀ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ-ದೀಪಕ್ಕೆ ಶೇ 20. ರಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪಿಗೆ ಅಂತ ಇನ್ನೂ ಶೇ 25 ಸೇರಿಸಿತು. 2025ರಲ್ಲಿ ರಾಜ್ಯ ಈ ಸೂತ್ರ ಹಿಡಿದು ಕನಿಷ್ಠ ಕೂಲಿಯ ಕರಡು ಹೊರಡಿಸಿದಾಗ ಉದ್ಯಮಿಗಳ ಸಂಘಗಳಿಂದ ಸಾಲುಸಾಲು ಆಕ್ಷೇಪ ಬಂತು. ‘ಎಲ್ಲರಿಗೂ ಒಂದೇ ದಿನ ಏರಿಸಿ, ಗೇಟಿನಲ್ಲೇ ಕೊಡಿಸಿ’ ಅನ್ನುವವರು ಆಗ ಯಾವ ಕಡೆ ನಿಂತಿದ್ದರು? 1957ರ ಆ ಲೆಕ್ಕದಲ್ಲೊಂದು ತಮಾಷೆಯೂ ಇದೆ. ಹೆಂಡತಿಯ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಗಂಡನ ಕೂಲಿಯೇ ಸಂಸಾರ ಸಾಕಬೇಕು ಅಂತ ಅದರ ಎಣಿಕೆ. ಗಾರ್ಮೆಂಟ್‌ನಲ್ಲಿ ಬಹುಪಾಲು ಹೆಂಗಸರೇ. ಎಷ್ಟೋ ಮನೆಯಲ್ಲಿ ಲೆಕ್ಕಕ್ಕೆ ಹಿಡಿಯಲು ಇರುವುದು ಆ ಒಂದೇ ಕೂಲಿ.

ಹಂಚಿಕೆ ಮೇಲಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ ಅಂದುಕೊಳ್ಳಬೇಡಿ. ರಾಜ್ಯದ ಜವಳಿ ನೀತಿಯಲ್ಲಿ ಬಂಡವಾಳಕ್ಕೆ ಸಹಾಯಧನವಿದೆ, ಕರೆಂಟಿಗೆ ರಿಯಾಯಿತಿಯಿದೆ. 2019ರಲ್ಲಿ ಕಾರ್ಪೊರೇಟ್ ತೆರಿಗೆ ಮೂಲದರ, ಇತರ ವಿನಾಯಿತಿ ಬಿಟ್ಟುಕೊಡುವ ಕಂಪನಿಗಳಿಗೆ, ಶೇ 30ರಿಂದ 22ಕ್ಕೆ ಇಳಿಯಿತು. ಎಸ್ಟೇಟ್ ತೆರಿಗೆ 1985ರಲ್ಲೇ ಹೋಯಿತು, ಸಂಪತ್ತಿನ ತೆರಿಗೆ 2015ರ ಬಜೆಟ್‌ನಲ್ಲಿ ಹೋಯಿತು. ಅಪ್ಪನ ಕಟ್ಟಡ ಮಗನಿಗೆ ಬಂದರೆ ಇವತ್ತು ಉತ್ತರಾಧಿಕಾರದ ತೆರಿಗೆ ಒಂದು ಪೈಸೆ ಇಲ್ಲ. ಅಮ್ಮ ಕೊಳ್ಳುವ ಸೋಪಿಗೆ 2025ರ ಸೆಪ್ಟೆಂಬರ್‌ವರೆಗೂ ಶೇ 18 ಜಿಎಸ್‌ಟಿ ಇತ್ತು. ಶೇ 97.75ರ ಹುಚ್ಚುತನವನ್ನು ನಾನೂ ಸಮರ್ಥಿಸುವುದಿಲ್ಲ. ಆದರೆ ಅದು ಸತ್ತು ಅರ್ಧ ಶತಮಾನವಾಯಿತು, ಇನ್ನೂ ಅದರ ಹೆಣ ಹೊತ್ತು ತಿರುಗಬೇಕೇ?

ಅರಸರ ಭೂಸುಧಾರಣೆ ದೊಡ್ಡದು, ಸರಿ. ಆದರೆ ನೆಲ ಸಿಕ್ಕಿದ್ದು ಗೇಣಿದಾರರಿಗೆ. ಗೇಣಿದಾರನ ಗದ್ದೆಯಲ್ಲೇ ಕೂಲಿ ಮಾಡುತ್ತಿದ್ದವರು ‘ಉಳುವವರು’ ಅನ್ನಿಸಿಕೊಳ್ಳಲಿಲ್ಲ, ಆ ಗದ್ದೆ ಕೇಳಿ ಭೂ ಟ್ರಿಬ್ಯುನಲ್‌ನಲ್ಲಿ ಹಾಕಲು ಅವರಿಗೆ ಅರ್ಜಿಯೇ ಇರಲಿಲ್ಲ. ನಮ್ಮಜ್ಜಿ ಅಂಥವಳು. ಅಲ್ಲಿ ಚುಕ್ತಾ ಆಗದೆ ಉಳಿದದ್ದೇ ಅಮ್ಮನನ್ನು ಬೊಮ್ಮನಹಳ್ಳಿಗೆ ಕಳಿಸಿದ್ದು.

ಗೃಹಲಕ್ಷ್ಮಿಯ ಎರಡು ಸಾವಿರ ನನ್ನ ಮಟ್ಟಿಗೆ ದಾನವಲ್ಲ, ಗೇಟಿನಲ್ಲಿ ಉಳಿದುಹೋದ ಕೂಲಿ. ಇದರಲ್ಲಿ ನನಗೂ ಒಂದು ಕಸಿವಿಸಿಯಿದೆ. ಬಸ್ಸು ಫ್ರೀ, ಅಕ್ಕಿ ಫ್ರೀ ಆದಾಗ ಟೈಲರ್ ಅದೇ ಸಂಬಳದಲ್ಲಿ ಹೇಗೋ ಬದುಕುತ್ತಾಳೆ, ಏರಿಸಿ ಅಂತ ಮಾಲೀಕರ ಮೇಲೆ ಬೀಳುವ ಒತ್ತಡ ಅಷ್ಟು ಕಡಿಮೆಯಾಗುತ್ತದೆ. ಅಂದರೆ ಸರ್ಕಾರ ಪೂರೈಸುತ್ತಿರುವುದು ಒಂದರ್ಥದಲ್ಲಿ ಫ್ಯಾಕ್ಟರಿಯ ಸಂಬಳದ ಪಟ್ಟಿಯನ್ನೇ. ವಿಧಾನಸೌಧ ಸುತ್ತಿ ಬರುವ ದುಡ್ಡಿನ ಬಗ್ಗೆ ಮಾಲೀಕರ ತಕರಾರು ಇಷ್ಟಕ್ಕಾದರೆ ನಾನೂ ಅವರ ಜೊತೆ ಸಹಿ ಹಾಕುತ್ತೇನೆ.

ಅಮ್ಮ ಫ್ಯಾಕ್ಟರಿ ಬಿಟ್ಟಿದ್ದಾಳೆ. 2023ರ ಕೊನೆಯಿಂದ ಬಂದ ಎರಡೆರಡು ಸಾವಿರ ಕೂಡಿಟ್ಟು, ಬಾಕಿಗೆ ಕಂತು ಕಟ್ಟಿ, ಹಳೆಯದೊಂದು ಪವರ್ ಮೆಷಿನ್ ತಂದು ಬಾಗಿಲ ಪಕ್ಕ ಹಾಕಿಕೊಂಡಿದ್ದಾಳೆ. ಬ್ಲೌಸು, ಫಾಲ್, ಜಿಗ್‌ಜಾಗ್. ರೇಟು ಗೋಡೆಗೆ ಅಂಟಿಸಿದ್ದಾಳೆ. ಮೊನ್ನೆ ಎದುರು ಬೀದಿಯ ಒಬ್ಬರು ಬಂದು ಬ್ಲೌಸಿಗೆ ಐವತ್ತು ಕಡಿಮೆ ಮಾಡು ಅಂತ ಜಗ್ಗಿದರು. ಅಮ್ಮ ಬಟ್ಟೆಯನ್ನು ನಾಲ್ಕು ಮಡಿಕೆ ಮಡಿಸಿ ಅವರ ಕೈಗೆ ವಾಪಸ್ ಕೊಟ್ಟು, ಒಳಗೆ ಹೋಗಿ ಒಂದು ಚೊಂಬು ನೀರು ಕುಡಿದು ಬಂದಳು.