ಕೋಟೆ ಹೋಯಿತು, ಕಾಲುವೆ ಉಳಿಯಿತು

ಜಪಾನಿನ ವ್ಯಾಪಾರದ ಊರು ಅಂದರೆ ಎಲ್ಲರೂ ಒಸಾಕಾ ಹೆಸರು ಹೇಳುತ್ತಾರೆ. ನನಗೆ ಮೊದಲು ನೆನಪಾಗುವುದು ಬೀವಾ ಸರೋವರದ ಪಕ್ಕದ ಪುಟ್ಟ ಊರು ಓಮಿ-ಹಚಿಮಾನ್.

1585ರಲ್ಲಿ ತೊಯೊತೊಮಿ ಹಿದೆತ್ಸುಗು ಅನ್ನುವ ದೊರೆ ಇಲ್ಲಿನ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ. ಬುಡದಲ್ಲಿ ಕಾಲುವೆ ತೋಡಿಸಿ ಸರೋವರಕ್ಕೆ ಸೇರಿಸಿದ. ಸರೋವರದ ದೋಣಿಗಳು ಈ ಊರಿಗೆ ಬಂದೇ ಮುಂದೆ ಹೋಗಬೇಕು ಅಂತ ಕಟ್ಟಳೆ ಮಾಡಿದ. ಹತ್ತೇ ವರ್ಷ. 1595ರಲ್ಲಿ ಹಿದೆತ್ಸುಗು ಸತ್ತ, ಕೋಟೆಯನ್ನೂ ಕೈಬಿಟ್ಟರು. ದೊರೆ ಹೋದ ಮೇಲೆ ಇಂಥ ಊರು ಹಾಳು ಬೀಳಬೇಕಿತ್ತು, ಅಲ್ವಾ? ಬೀಳಲಿಲ್ಲ. ಇಲ್ಲಿನ ವ್ಯಾಪಾರಿಗಳು ಹೆಗಲಿಗೆ ಕಾವಡಿ ಏರಿಸಿ ದೇಶ ಸುತ್ತಲು ಹೊರಟರು.

ಸೊಳ್ಳೆಪರದೆ, ಚಾಪೆ, ನಾರುಬಟ್ಟೆ ಮಾರುತ್ತಾ ಹೋಗುವುದು, ಬರುವಾಗ ಆ ಕಡೆಯ ಸರಕು ತಂದು ಇಲ್ಲಿ ಮಾರುವುದು. ಇದಕ್ಕೆ ಅವರು 'ಗರಗಸದ ವ್ಯಾಪಾರ' ಅನ್ನುತ್ತಿದ್ದರು. ಹೋದರೂ ಕೊಯ್ಯುತ್ತದೆ, ಬಂದರೂ ಕೊಯ್ಯುತ್ತದೆ!

ಸೊಳ್ಳೆಪರದೆಯ ಕತೆ ನನಗೆ ತುಂಬಾ ಇಷ್ಟ. ಮೊದಲು ಅದು ಬರೀ ಸೆಣಬಿನ ಮಾಸಲು ಬಣ್ಣದ್ದು. ನಿಶಿಕಾವಾ ಮನೆತನದ ಎರಡನೇ ತಲೆಮಾರಿನವರು ಹಾಕೋನೆ ಘಾಟಿಯಲ್ಲಿ ಮರದಡಿ ದಣಿವಾರಿಸಿಕೊಳ್ಳುತ್ತಿದ್ದಾಗ ಎಳೆ ಹಸಿರು ಎಲೆಗಳನ್ನು ನೋಡಿದರಂತೆ. ಮಲಗುವವರ ಕಣ್ಣಿಗೂ ಇಂಥ ತಂಪು ಸಿಗಲಿ ಅಂತ ಪರದೆಗೆ ಹಸಿರು ಹಾಕಿ, ಅಂಚಿಗೆ ಕೆಂಪು ಪಟ್ಟಿ ಹೊಲಿಸಿದರು. 1566ರಲ್ಲಿ ಶುರುವಾದ ಆ ಮನೆತನ ಇವತ್ತೂ ಹಾಸಿಗೆ-ಹೊದಿಕೆ ಮಾರುತ್ತಿದೆ.

'ಮಾರುವವನಿಗೂ ಒಳ್ಳೆಯದು, ಕೊಳ್ಳುವವನಿಗೂ ಒಳ್ಳೆಯದು, ಊರಿಗೂ ಒಳ್ಳೆಯದು' ಅಂತ ಓಮಿ ವ್ಯಾಪಾರಿಗಳ ಹೆಸರಲ್ಲಿ ಒಂದು ಮಾತು ಓಡಾಡುತ್ತದೆ. ಈ ರೂಪದಲ್ಲಿ ಅದು ಇತ್ತೀಚಿನದು. ಬೇರು ಮಾತ್ರ ಹಳೆಯದು. 1754ರಲ್ಲಿ ಇದೇ ಓಮಿ ಸೀಮೆಯ ನಾಕಾಮುರಾ ಜಿಹೆಯಿ ತನ್ನ ವಾರಸುದಾರನಿಗೆ ಪತ್ರ ಬರೆದಿಟ್ಟ: ಬೇರೆ ಸೀಮೆಗೆ ಹೋದಾಗ ಅಲ್ಲಿನ ಜನಕ್ಕೆ ಒಳ್ಳೆಯದಾಗಲಿ ಅಂತ ಮೊದಲು ನೆನೆ, ಜಾಸ್ತಿ ಲಾಭಕ್ಕೆ ಆಸೆಪಡಬೇಡ. ಮ್ಯಾನೇಜ್‌ಮೆಂಟ್ ತರಗತಿಯಲ್ಲಿ ಆ ಮೂರು ಸಾಲು ಓದಿಸಿ ಸುಮ್ನೆ ಬಿಟ್ಟರೆ ಸಾಲದು. ಈ ಪತ್ರವನ್ನೂ ಓದಿಸಬೇಕು.

ಕಾಲುವೆಯ ಕತೆಯನ್ನೂ ಹೇಳಬೇಕು. ಲಾರಿ, ರೈಲು ಬಂದ ಮೇಲೆ ಅದನ್ನು ಕೇಳುವವರಿಲ್ಲದಾಯಿತು. 1960ರ ದಶಕದ ಹೊತ್ತಿಗೆ ಕೊಳಕು ನೀರು, ಕೆಸರು, ದುರ್ವಾಸನೆ. ಮುಚ್ಚಿಬಿಡೋಣ ಅಂತ ಯೋಜನೆಯೂ ಬಂತು. ಆಗ ಊರಿನ ಯುವಕರು ಬೇಡ ಅಂತ ಎದ್ದು ನಿಂತರು. ಕಾಲುವೆ ಹೋದರೆ ಊರೇ ಹೋಯಿತು ಅನ್ನುವುದು ಅವರ ವಾದ. ಸುಮ್ನೆ ಮಾತಾಡಲಿಲ್ಲ, ಕೆಸರಿಗಿಳಿದು ತಾವೇ ಬಳಿದರು. 1991ರಲ್ಲಿ ಸರ್ಕಾರ ಹಳೇ ವ್ಯಾಪಾರಿ ಬೀದಿಗಳ ಜೊತೆ ಈ ಕಾಲುವೆಯನ್ನೂ ರಕ್ಷಿತ ಪ್ರದೇಶಕ್ಕೆ ಸೇರಿಸಿತು.

ಈಗ ಅದೇ ನೀರಿನಲ್ಲಿ ದೋಣಿ ಓಡಾಡುತ್ತವೆ. ದಡದಲ್ಲಿ ಬಿಳಿ ಗೋಡೆಯ ಹಳೇ ಉಗ್ರಾಣಗಳು ಹಾಗೇ ನಿಂತಿವೆ.