ಊರು ಹೇಳದ ಐದು ಸೆಂಟು

ಹಿಂದೆ ಅಂಗಡಿಯವರು ಚಿಲ್ಲರೆ ಬದಲು ಕೊಡುತ್ತಿದ್ದ ಅಲ್ಯೂಮಿನಿಯಂ ಟೋಕನ್ ಇರಲಿ, ತಂಪು ಪಾನೀಯದ ಕ್ಯಾನಿನ ಉಂಗುರ ಇರಲಿ, ಮೆಟಲ್ ಡಿಟೆಕ್ಟರ್ ಹೆಚ್ಚುಕಮ್ಮಿ ಒಂದೇ ಥರ ಕೂಗುತ್ತದೆ. ಹಾಗಾಗಿ ನನ್ನ ಹತ್ತಿರ ಉಂಗುರಗಳು ಡಬ್ಬಿ ತುಂಬ ಇವೆ. "ಮದುವೇಲಿ ನನಗೆ ಒಂದೇ ಹಾಕಿದ್ರಿ" ಅನ್ನುತ್ತಾಳೆ ನನ್ನಾಕೆ.

ಕೊನೆಗೂ ಒಂದು ಟೋಕನ್ ಸಿಕ್ಕಿತು. ಒಂದು ಕಡೆ ಎಚ್. ಬಿ. ಎಂಬ ಎರಡಕ್ಷರ. ಇನ್ನೊಂದು ಕಡೆ, 5 ಸೆಂಟಿನ ವ್ಯಾಪಾರಕ್ಕೆ ಸಲ್ಲುತ್ತದೆ ಅಂತ ಇಂಗ್ಲಿಷಿನಲ್ಲಿ. ಊರಿಲ್ಲ, ಇಸವಿಯಿಲ್ಲ. ಇಂಥ ಬೇವಾರ್ಸಿ ಟೋಕನ್‌ಗೆ ಅಮೆರಿಕದ ಸಂಗ್ರಹಕಾರರು 'ಮ್ಯಾವರಿಕ್' ಅನ್ನುತ್ತಾರೆ.

ಕಾಲ ಹಿಡಿಯೋಕೆ ಲೋಹವೇ ದಾರಿ. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಅಲ್ಯೂಮಿನಿಯಂ ಕೂರಿಸಿದಾಗ ಅದು ಬೆಳ್ಳಿಯ ಪಕ್ಕ ಕೂರುವಷ್ಟು ದುಬಾರಿ. 1886ರಲ್ಲಿ ವಿದ್ಯುತ್ತಿನಿಂದ ಅದನ್ನು ತೆಗೆಯುವ ದಾರಿ ಸಿಕ್ಕಿತು, ಬೆಲೆ ಬಿತ್ತು. ಅಂಗಡಿಯವರು ಅದರಲ್ಲಿ ಟೋಕನ್ ಒತ್ತಿಸಿದ್ದು ಆಮೇಲೆ. ಅಂದರೆ ನಮ್ಮ ಎಚ್. ಬಿ. ಸುಮಾರು 1890ರಿಂದ ಈಚಿನವನು. ಇದನ್ನೆಲ್ಲ ನಾನು ಮನೆಯವರಿಗೆ ವಿವರಿಸುತ್ತಿದ್ದಾಗ ಮಗ ಒಳಗಿನಿಂದ ಕೂಗಿದ, "ಅಪ್ಪಾ, ಟೂತ್‌ಪೇಸ್ಟ್ ಹಾಕಿ ತಿಕ್ಕಿದೆ, ಎಷ್ಟು ಚೆನ್ನಾಗಿ ಹೊಳೀತಿದೆ ನೋಡು!"

ಹೊಳೆಯುತ್ತಿತ್ತು, ಸುಳ್ಳಲ್ಲ. ಆದರೆ ಮೊದಲೇ ಸವೆದಿದ್ದ 'ಬಿ' ಈಗ 'ಡಿ' ಥರಾನೂ ಕಾಣುತ್ತೆ, 'ಆರ್' ಥರಾನೂ ಕಾಣುತ್ತೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತದೆ. ಎಡದಿಂದ ಹಿಡಿದರೆ ಬಿ. ಬಲದಿಂದ ಹಿಡಿದರೆ ಆರ್. ಹುಡುಕಬೇಕಾದ ವ್ಯಾಪಾರಿಗಳ ಸಂಖ್ಯೆ ಒಂದೇ ಸಂಜೆಗೆ ಮೂರು ಪಟ್ಟು.

17ನೇ ಶತಮಾನದ ಇಂಗ್ಲೆಂಡಿನ ವ್ಯಾಪಾರಿಗಳು ಎಷ್ಟು ವಾಸಿ ಗೊತ್ತಾ? ಸರ್ಕಾರದ ಚಿಲ್ಲರೆ ಸಾಲದೆ ತಾವೇ ಟೋಕನ್ ಮಾಡಿಸುತ್ತಿದ್ದರು. ಉಗುರಿನಷ್ಟಗಲದ ಬಿಲ್ಲೆಯಲ್ಲಿ ಹೆಸರು, ಊರು, ಎಷ್ಟೋ ಸಲ ಅಂಗಡಿಯ ಗುರುತು. ಸಾಲದ್ದಕ್ಕೆ ಮೂರು ಇನಿಷಿಯಲ್: ಮನೆತನದ್ದು, ಗಂಡನದ್ದು, ಹೆಂಡತಿಯದ್ದು. 1672ರಲ್ಲಿ ಎರಡನೇ ಚಾರ್ಲ್ಸ್ ನಿಲ್ಲಿಸುವವರೆಗೂ ಈ ಪದ್ಧತಿ ನಡೆಯಿತು. "ಹೆಂಡತಿ ಹೆಸರು ಹಾಕೋ ಗಂಡಸು ಊರು ಮರೀತಾನಾ?" ಎಂದಳು ನನ್ನಾಕೆ. ಸುಮ್ನೆ ತಲೆಯಾಡಿಸಿದೆ.

ಬೆಲೆಯಿಂದಲೂ ಸುಳಿವು ಸಿಗುತ್ತದೆ. 'ಒಂದು ಕ್ವಾರ್ಟ್ ಹಾಲು' ಅಂತಿದ್ದರೆ ಡೈರಿ, 'ಒಂದು ಬ್ರೆಡ್' ಅಂತಿದ್ದರೆ ಬೇಕರಿ. ನಮ್ಮದು ಬರೀ ಐದು ಸೆಂಟು. ಆ ಕಾಲದಲ್ಲಿ ಒಂದು ಗ್ಲಾಸ್ ಬಿಯರಿಗೂ ಅಷ್ಟೇ, ಒಂದು ಚುಟ್ಟಕ್ಕೂ ಅಷ್ಟೇ. ಉಳಿದ ದಾರಿ ಅಂದರೆ ಹಳೆಯ ವ್ಯಾಪಾರಿ ಡೈರೆಕ್ಟರಿಗಳು. ಅವು ಊರಿನ ಪ್ರಕಾರ ಜೋಡಿಸಿರುತ್ತವೆ. ಊರು ಗೊತ್ತಿದ್ದರೆ ನಾನ್ಯಾಕೆ ಹುಡುಕುತ್ತಿದ್ದೆ, ಅಲ್ವಾ?

ತಪ್ಪು ಆ ಎಚ್. ಬಿ. ಅಂಗಡಿಯವನದ್ದೂ ಅಲ್ಲ ಬಿಡಿ. ಟೋಕನ್ ಅವನ ಅಂಗಡಿಯಲ್ಲಿ ಮಾತ್ರ ನಡೆಯುತ್ತಿತ್ತು. ಚಿಲ್ಲರೆ ಬದಲು ಇದನ್ನು ಕೊಟ್ಟರೆ ಗಿರಾಕಿ ಮತ್ತೆ ಅಲ್ಲಿಗೇ ಬರಬೇಕು. ಬರುವವನಿಗೆ ದಾರಿ ಗೊತ್ತು, ವಿಳಾಸ ಯಾಕೆ?

ನನ್ನಾಕೆ ಮಾತ್ರ ಬೇರೆಯೇ ಲೆಕ್ಕ ಹಾಕಿದಳು. ಗಿರಾಕಿ ಟೋಕನ್ ಕಳೆದುಕೊಂಡರೆ ಅಂಗಡಿಯವನಿಗೆ ಐದು ಸೆಂಟು ಉಳಿಯಿತು.

"ಅವನು ಬೇಕಂತಲೇ ವಿಳಾಸ ಹಾಕಿಲ್ಲ ರೀ. ಸಿಕ್ಕಿಬಿದ್ದರೆ ನಿಮಗೆ ಬಿಯರ್ ಕೊಡಬೇಕಲ್ಲ!"

ಮಗ ಈಗ ಮತ್ತೊಮ್ಮೆ ತಿಕ್ಕಿ ನೋಡಲಾ ಅಂತ ಕೇಳುತ್ತಿದ್ದಾನೆ.