ಬಿಪಿ ಇದೆಯಾ, ಶುಗರ್ ಇದೆಯಾ ಅಂತಾರೆ, ದಮ್ಮು ಇದೆಯಾ ಅಂತ ಯಾರೂ ಕೇಳಲ್ಲ

ಮೆಡಿಕಲ್‌ನಿಂದ ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇಳಿಯುವ ಮುಂಚೆ ಬರೆದುಬಿಡುತ್ತೇನೆ.

ನನ್ನ ಮುಂದೆ ಒಬ್ಬರು ಹೆಂಗಸು ನಿಂತಿದ್ದರು. ಐವತ್ತರ ಆಸುಪಾಸು ಇರಬಹುದು. ಮೊದಲು ನೀಲಿ ಪಂಪ್ ಕೇಳಿದರು. ಅಂಗಡಿ ಹುಡುಗ ಕೊಟ್ಟ. ಆಮೇಲೆ, "ಮೊಣಕಾಲು ತುಂಬಾ ನೋವಪ್ಪ, ಎರಡು ಮಾತ್ರೆ ಕೊಡು" ಅಂದರು. "ಬಿಪಿ, ಶುಗರ್ ಏನಾದ್ರೂ ಇದೆಯಾ ಅಮ್ಮಾ?" ಅಂತ ಹುಡುಗ ಕೇಳಿದ. "ಇಲ್ಲಪ್ಪಾ" ಅಂದರು. ಅಷ್ಟೇ. ಡೈಕ್ಲೋಫೆನಾಕ್ ಶೀಟ್ ತೆಗೆದ. ಕತ್ತರಿಯಿಂದ ಎರಡು ಮಾತ್ರೆ ಕತ್ತರಿಸಿದ. ಮಾತ್ರೆಯ ಹೆಸರು, ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅನ್ನುವ ಆ ಕೆಂಪು ಗೆರೆ, ಎಲ್ಲಾ ಅಂಗಡಿಯಲ್ಲೇ ಉಳಿದ ತುಂಡಿಗೆ ಹೋಯಿತು. ಎರಡು ಮಾತ್ರೆ ಪಂಪಿನ ಜೊತೆಗೇ ಒಂದು ಕವರಿಗೆ ಬಿದ್ದವು. "ಊಟ ಆದ್ಮೇಲೆ ತಗೊಳ್ಳಿ, ಇಲ್ಲಾಂದ್ರೆ ಗ್ಯಾಸ್ ಆಗುತ್ತೆ."

ದಮ್ಮಿಗೆ, ಅಂದರೆ ಆಸ್ತಮಾಗೆ, ಹಾಕೋ ಪಂಪನ್ನು ಅದೇ ಕೈಯಿಂದ ಎತ್ತಿ ಕೊಟ್ಟಿದ್ದಾನೆ. ಆದರೂ ದಮ್ಮು ಇದೆಯಾ ಅಂತ ಕೇಳಲಿಲ್ಲ. ದಮ್ಮು ಇರುವ ಕೆಲವರಿಗೆ ಇಂಥ ನೋವಿನ ಮಾತ್ರೆಯಿಂದಲೇ ಉಸಿರು ಕಟ್ಟುತ್ತದೆ.

ನಮ್ಮಕ್ಕನಿಗೂ ದಮ್ಮು ಇದೆ ಅನ್ನೋದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಆದರೆ ಅವತ್ತಿನ ಸಂಜೆ ಏನಾಯಿತು ಅಂತ ನಾನು ಇಲ್ಲಿ ಯಾವತ್ತೂ ಪೂರ್ತಿ ಹೇಳಿಲ್ಲ. ಅವಳಿಗೆ ಹಲ್ಲು ನೋವು. ಭಾನುವಾರ, ಕ್ಲಿನಿಕ್ ಎಲ್ಲಾ ಮುಚ್ಚಿದ್ದವು. ಫ್ರಿಜ್ ಮೇಲಿನ ಡಬ್ಬಿಯಲ್ಲಿ ಐಬುಪ್ರೊಫೇನ್ ಇತ್ತು. ಕೊಟ್ಟಿದ್ದು ನಾನೇ. ನೀರಿನ ಲೋಟ ಹಿಡಿದುಕೊಂಡು ನಿಂತು ನುಂಗಿಸಿದವಳೂ ನಾನೇ.

ಮುಕ್ಕಾಲು ಗಂಟೆ ಆಗಿತ್ತೋ ಇಲ್ಲವೋ, ಅಕ್ಕನ ಮೂಗು ಸೋರೋಕೆ ಶುರುವಾಯಿತು. ಕಣ್ಣು ಕೆಂಪಗಾಯಿತು. ಕತ್ತು, ಮುಖ ಎಲ್ಲಾ ಬಿಸಿ. ಶೀತ ಹಿಡಿದಿರಬೇಕು ಅಂದುಕೊಂಡೆವು. ಆಮೇಲೆ ಎದೆ ಬಿಗಿಯಿತು. ಅಕ್ಕ ಮಂಚದ ಅಂಚಿಗೆ ಕೂತು, ಎರಡೂ ಕೈ ಮಂಡಿ ಮೇಲೆ ಊರಿ, ಹೆಗಲನ್ನು ಎತ್ತೆತ್ತಿ ಉಸಿರೆಳೆಯುತ್ತಿದ್ದಳು. "ಆಟೋ ಕರಿ" ಅನ್ನೋಕೆ ಎರಡು ಸಲ ನಿಂತು ಉಸಿರೆಳೆಯಬೇಕಾಯಿತು. ಪಂಪ್ ಹೊಡೆದರೂ ಜಗ್ಗಲಿಲ್ಲ. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು, ನೆಬುಲೈಸರ್ ಇಟ್ಟರು, ಇಂಜೆಕ್ಷನ್ ಕೊಟ್ಟರು. ಉಸಿರು ಹದಕ್ಕೆ ಬರುವಷ್ಟರಲ್ಲಿ ರಾತ್ರಿ ಒಂದು ಗಂಟೆ.

ಆಗ ಡ್ಯೂಟಿ ಡಾಕ್ಟರ್ ಕೇಳಿದರು, "ಸಂಜೆ ಯಾವ ಮಾತ್ರೆ ತಗೊಂಡ್ರಿ?" ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು.

ಅಕ್ಕನಿಗೆ ಮೂಗಿನಲ್ಲಿ ದುರ್ಮಾಂಸ ಬೆಳೆದು ಎರಡು ಸಲ ಆಪರೇಷನ್ ಆಗಿತ್ತು. ಮತ್ತೆ ಬೆಳೆದಿತ್ತು. ವಾಸನೆ ಗೊತ್ತಾಗುತ್ತಿರಲಿಲ್ಲ. ಒಲೆ ಮೇಲೆ ಹಾಲು ಸೀದು ಕರಕಲಾದರೂ ಪಕ್ಕದಲ್ಲೇ ತರಕಾರಿ ಹೆಚ್ಚುತ್ತಾ ಕೂತಿರುತ್ತಿದ್ದಳು. ದಮ್ಮು, ಮೂಗಿನ ದುರ್ಮಾಂಸ, ನೋವಿನ ಮಾತ್ರೆ ಆಗದಿರೋದು, ಇವು ಮೂರೂ ಒಂದೇ ಕಾಯಿಲೆಯ ಮೂರು ಮುಖ ಅಂತ ಅವತ್ತು ಗೊತ್ತಾಯಿತು. ಮೂಗಿನವರು ಮೂಗು ನೋಡಿದ್ದರು, ಹಲ್ಲಿನವರು ಹಲ್ಲು ನೋಡಿದ್ದರು.

ಇದೇನು ನಿನ್ನೆ ಮೊನ್ನೆ ಕಂಡುಹಿಡಿದ ವಿಷಯವಾ? ಆಸ್ಪಿರಿನ್ ಮಾರುಕಟ್ಟೆಗೆ ಬಂದಿದ್ದು 1899ರಲ್ಲಿ. ಫ್ರಾನ್ಸಿನ ವಿಡಾಲ್ ಅನ್ನೋ ವೈದ್ಯರು 1922ರಲ್ಲೇ ಈ ಮೂರನ್ನೂ ಸೇರಿಸಿ ಬರೆದಿದ್ದರು. 1968ರಲ್ಲಿ ಅಮೆರಿಕದ ಸ್ಯಾಮ್ಟರ್ ಮತ್ತು ಬಿಯರ್ಸ್ ಮತ್ತೆ ಬರೆದರು. ಇವತ್ತಿಗೂ ಇದಕ್ಕೆ ಸ್ಯಾಮ್ಟರ್ ಹೆಸರೇ ಇದೆ. ನೂರು ವರ್ಷ ದಾಟಿದೆ. ನಮ್ಮ ಬೀದಿಯ ಮೆಡಿಕಲ್ ಕೌಂಟರಿಗೆ ಇನ್ನೂ ಬಂದು ಮುಟ್ಟಿಲ್ಲ.

ಡಾಕ್ಟರ್ ಅವತ್ತು ಚೀಟಿ ಹಿಂದೆ ಗೆರೆ ಎಳೆದು ತೋರಿಸಿದ್ದು ನನಗೆ ನಮ್ಮ ಕಡೆ ಭದ್ರಾ ಕಾಲುವೆ ನೋಡಿದ ಹಾಗೇ ಇತ್ತು. ಮೈಯಲ್ಲಿ ಒಂದು ಕೊಬ್ಬಿನ ಆಮ್ಲ ಎರಡು ಕಾಲುವೆಗೆ ಹರಿಯುತ್ತದೆ. ಒಂದರಲ್ಲಿ ನೋವು, ಊತ ತರುವ ಪ್ರೊಸ್ಟಗ್ಲಾಂಡಿನ್‌ಗಳು ಆಗುತ್ತವೆ. ಇನ್ನೊಂದರಲ್ಲಿ ಲ್ಯುಕೋಟ್ರೀನ್ ಆಗುತ್ತದೆ. ಅದು ಶ್ವಾಸನಾಳವನ್ನು ಹಿಂಡುತ್ತದೆ, ಕಫ ಜಾಸ್ತಿ ಮಾಡುತ್ತದೆ. ನೋವಿನ ಮಾತ್ರೆ ಮೊದಲ ತೂಬು ಮುಚ್ಚುತ್ತದೆ. ಆದರೆ ಎರಡನೆಯದಕ್ಕೆ ಅಡ್ಡಕಟ್ಟೆಯಂತಿದ್ದ ಒಂದು ಪ್ರೊಸ್ಟಗ್ಲಾಂಡಿನ್ ಕೂಡ ಆ ಮೊದಲ ಕಾಲುವೆಯದೇ. ಅದೂ ನಿಂತುಹೋಗುತ್ತದೆ. ಅಕ್ಕನಂಥವರಿಗೆ ಇನ್ನೊಂದು ಕಾಲುವೆ ಕಟ್ಟೆ ಒಡೆದು ನುಗ್ಗುತ್ತದೆ. ದಮ್ಮು ಇರುವ ಎಷ್ಟೋ ಜನ ರಾತ್ರಿ ತೆಗೆದುಕೊಳ್ಳುವ ಮಾಂಟೆಲುಕಾಸ್ಟ್ ತಡೆಯೋದು ಈ ಲ್ಯುಕೋಟ್ರೀನನ್ನೇ.

ಹಾಗಾಗಿ "ಐಬುಪ್ರೊಫೇನ್ ಆಗಲ್ಲ, ಡೈಕ್ಲೋಫೆನಾಕ್ ಕೊಡಿ" ಅನ್ನೋ ಹಾಗಿಲ್ಲ. ಆಸ್ಪಿರಿನ್, ನ್ಯಾಪ್ರೋಕ್ಸೆನ್, ಕೀಟೋರೊಲ್ಯಾಕ್, ಮೆಫೆನಾಮಿಕ್ ಆಸಿಡ್, ಎಲ್ಲಾ ಮುಚ್ಚೋದು ಅದೇ ತೂಬು. "ಹೋದ ವರ್ಷ ತಗೊಂಡಾಗ ಏನೂ ಆಗಿರಲಿಲ್ಲ" ಅನ್ನೋದೂ ನಡೆಯಲ್ಲ. ಈ ತೊಂದರೆ ಎಷ್ಟೋ ಜನಕ್ಕೆ ಮೂವತ್ತು ನಲವತ್ತು ದಾಟಿದ ಮೇಲೆ ಶುರುವಾಗುತ್ತದೆ. ಅಕ್ಕ ಚಿಕ್ಕವಳಿದ್ದಾಗ ಇದೇ ಮಾತ್ರೆ ಎಷ್ಟೋ ಸಲ ನುಂಗಿದ್ದಳು.

ನನ್ನ ಸ್ನೇಹಿತ ಒಬ್ಬ ಔಷಧಿ ವ್ಯಾಪಾರದಲ್ಲಿದ್ದಾನೆ. ಈಗ ಫೋನ್ ಮಾಡಿ ಹೇಳಿದಾಗ, "ಎಲ್ರಿಗೂ ಆಗಲ್ಲ ಕಣೇ. ಸುಮ್ನೆ ಜನರನ್ನ ಹೆದರಿಸಬೇಡ, ನೋವಲ್ಲಿ ನರಳಬೇಕಾ ಅವರು?" ಅಂದ. ನಿಜ, ಎಲ್ಲರಿಗೂ ಆಗಲ್ಲ. ದಮ್ಮು ಇರುವ ದೊಡ್ಡವರಲ್ಲಿ ನೂರಕ್ಕೆ ಸುಮಾರು 7 ಜನಕ್ಕೆ. ದಮ್ಮು ಜೋರಾಗಿ ಇರುವವರಲ್ಲಿ ನೂರಕ್ಕೆ ಸುಮಾರು 15. ಆದರೆ ಆ ಏಳು ಜನ ಯಾರು? ಚರ್ಮಕ್ಕೆ ಚುಚ್ಚಿ ಮಾಡುವ ಅಲರ್ಜಿ ಪರೀಕ್ಷೆಯಲ್ಲಿ ಇದು ಸಿಗಲ್ಲ. ಖಚಿತ ಮಾಡಿಕೊಳ್ಳಬೇಕು ಅಂದರೆ ಆಸ್ಪತ್ರೆಯಲ್ಲಿ, ಡಾಕ್ಟರ್ ಕಣ್ಣೆದುರು, ಸ್ವಲ್ಪ ಸ್ವಲ್ಪವೇ ಮಾತ್ರೆ ಕೊಟ್ಟು ನೋಡಬೇಕು. ಇಲ್ಲಾಂದ್ರೆ ಭಾನುವಾರ ಸಂಜೆ ಮನೆಯಲ್ಲಿ ಗೊತ್ತಾಗುತ್ತದೆ, ನಮಗೆ ಗೊತ್ತಾದ ಹಾಗೆ. ಒಂದು ಪ್ರಶ್ನೆ ಕೇಳೋಕೆ ಎಷ್ಟು ಹೊತ್ತು ಬೇಕು? ಬಿಪಿ, ಶುಗರ್ ಕೇಳೋಕೆ ಬಿಡುವಿದೆ ಅಲ್ವಾ?

ಕೇಳುವುದನ್ನೂ ಸರಿಯಾಗಿ ಕೇಳಬೇಕು. "ಆಸ್ತಮಾ ಇದೆಯಾ?" ಅಂದರೆ ನಮ್ಮ ಹೆಣ್ಣುಮಕ್ಕಳು ಇಲ್ಲ ಅಂತಾರೆ. ಮದುವೆಗೆ ಮುಂಚೆ ಮುಚ್ಚಿಟ್ಟಿದ್ದು ನಾಲಿಗೆಯಲ್ಲೇ ಉಳಿದಿರುತ್ತದೆ. ನಮ್ಮನೆಯಲ್ಲೂ "ಅವಳದು ಶೀತದ ಮೈ" ಅಂತಲೇ ಹೇಳುತ್ತಿದ್ದರು. "ಪಂಪ್ ಹಾಕ್ತೀರಾ? ದಮ್ಮು ಬರುತ್ತಾ? ಮೂಗಲ್ಲಿ ದುರ್ಮಾಂಸ ಇದೆಯಾ?" ಅಂತ ಕೇಳಿದರೆ ಹೇಳುತ್ತಾರೆ.

ಹಾಸ್ಟೆಲಿನ ಹುಡುಗಿಯರು ಮುಟ್ಟಿನ ಹೊಟ್ಟೆನೋವಿಗೆ ಒಬ್ಬರಿಂದ ಒಬ್ಬರು ಇಸಿದುಕೊಳ್ಳುವ ಮಾತ್ರೆಯಲ್ಲಿ ಮೆಫೆನಾಮಿಕ್ ಆಸಿಡ್ ಇರುತ್ತದೆ. ಪ್ಯಾರಾಸಿಟಮಾಲ್ ಅಂತ ನಂಬಿ ತಗೊಂಡ ಮಾತ್ರೆಯಲ್ಲಿ ಅದರ ಜೊತೆ ಐಬುಪ್ರೊಫೇನೋ ಅಸಿಕ್ಲೋಫೆನಾಕೋ ಸೇರಿರಬಹುದು. ಹಿಂದೆ ತಿರುಗಿಸಿ ಸಣ್ಣಕ್ಷರ ಓದಿ. "ಒಂದು ಇಂಜೆಕ್ಷನ್ ಹಾಕಿಬಿಡಿ" ಅಂತ ನಾವೇ ಕೇಳಿ ಹಾಕಿಸಿಕೊಳ್ಳೋದೂ ಎಷ್ಟೋ ಸಲ ಡೈಕ್ಲೋಫೆನಾಕೇ.

ಒಂದು ಮಾತು, ದಯವಿಟ್ಟು. ಹೃದಯಕ್ಕೆ ಅಂತ ಆಸ್ಪಿರಿನ್ ತಗೊಳ್ಳುತ್ತಿರುವವರು ಇದನ್ನು ಓದಿ ಹೆದರಿ ನಿಲ್ಲಿಸಬೇಡಿ. ನಿಮ್ಮ ಡಾಕ್ಟರನ್ನು ಕೇಳಿ.

ಆ ಅಮ್ಮನ ಹಿಂದೆಯೇ ಹೋಗಿ ರಸ್ತೆಯಲ್ಲಿ ನಿಲ್ಲಿಸಿ ಹೇಳಿದೆ. ನೋವಿನ ಮಾತ್ರೆ ತಗೊಂಡು ಯಾವಾಗಲಾದರೂ ಉಸಿರು ಕಟ್ಟಿತ್ತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. "ಹೋದ ದೀಪಾವಳಿಲಿ ಸೊಂಟ ನೋವಿಗೆ ತಗೊಂಡಿದ್ದೆ. ಅವತ್ತು ರಾತ್ರಿ ತುಂಬಾ ಜಾಸ್ತಿ ಆಗಿತ್ತು. ಪಟಾಕಿ ಹೊಗೆ ಅಂದ್ಕೊಂಡೆ" ಅಂದರು. ಪಟಾಕಿ ಹೊಗೆಯೇ ಇರಬಹುದು, ಮಾತ್ರೆಯೂ ಇರಬಹುದು. ಕವರಿನಿಂದ ಎರಡೂ ಮಾತ್ರೆ ತೆಗೆದು ನನ್ನ ಕೈಗೆ ಕೊಟ್ಟು, "ಹಂಗಾದ್ರೆ ಮೊಣಕಾಲಿಗೆ ಏನು ತಗೊಳ್ಳಲಿ ತಾಯಿ?" ಅಂದರು. ನಾನು ಡಾಕ್ಟರ್ ಅಲ್ಲ. ಅಕ್ಕನಿಗೆ ಬರೀ ಪ್ಯಾರಾಸಿಟಮಾಲ್, ಒಂದು ಸಲಕ್ಕೆ 650 ಮಿಲಿಗ್ರಾಂ ದಾಟಬೇಡಿ ಅಂದಿದ್ದಾರೆ, ನಿಮಗೆ ಯಾವುದು ಸರಿ ಅಂತ ಪಂಪ್ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ ಅಂದೆ. ಅವರು ನಾಳೆ ಬೆಳಿಗ್ಗೆ ಹೋಗುತ್ತಾರಂತೆ. ಹೆಸರು ಮರೆಯುತ್ತೆ ಅಂದರು. ಅಕ್ಕನ ಪರ್ಸಿನಲ್ಲಿ ಇರುವಂಥದ್ದೇ ಒಂದು ಚೀಟಿ ನನ್ನ ಬ್ಯಾಗಿನಲ್ಲೂ ಇತ್ತು, ಆಗದ ಮಾತ್ರೆಗಳ ಹೆಸರೆಲ್ಲ ಕನ್ನಡದಲ್ಲಿ ಬರೆದಿದ್ದು. ಅದನ್ನು ಕೊಟ್ಟೆ. ಮಡಚಿ ಪಂಪಿನ ಡಬ್ಬಿಯೊಳಗೆ ಇಟ್ಟುಕೊಂಡರು.